ಏನೂ ಗೊತ್ತಿಲ್ಲದ ಮೇಷ್ಟ್ರು

ಹಳೆಯ ಇಂಗ್ಲಿಷ್ ಹಾಸ್ಯ ಚಿತ್ರ ಎಂದೊಡನೆ ನಮಗೆಲ್ಲ ನೆನಪಾಗುವುದು ಚಾಪ್ಲಿನ್, ಬಿಟ್ಟರೆ ಲಾರೆಲ್–ಹಾರ್ಡಿ. ವಿಲ್ ಹೇ ಎಂಬ ಹೆಸರನ್ನು ನಮ್ಮ ಕಡೆ ಕೇಳಿದವರು ಕಡಿಮೆ. ಮಗಳು ಕಂಪ್ಯೂಟರಿನಲ್ಲಿ ಹಾಕಿಕೊಟ್ಟ ಅವನ ಕಪ್ಪು–ಬಿಳುಪು ಚಿತ್ರಗಳನ್ನು ನೋಡಿದ ಮೇಲೆ, ವರ್ಷಗಟ್ಟಲೆ ಸೀಮೆಸುಣ್ಣ ಹಿಡಿದ ನನಗೆ ಇವನು ನಮ್ಮ ಸ್ಟಾಫ್ ರೂಮಿನವನೇ ಎನ್ನಿಸಿತು.

1888ರಲ್ಲಿ ಇಂಗ್ಲೆಂಡಿನ ಸ್ಟಾಕ್ಟನ್‌ನಲ್ಲಿ ಹುಟ್ಟಿದ ಹೇ, ನಾಟಕರಂಗದಲ್ಲೂ ಸಿನಿಮಾದಲ್ಲೂ ಹೆಸರು ಮಾಡಿದ್ದು ಮುಖ್ಯವಾಗಿ ಒಂದೇ ಪಾತ್ರದಿಂದ. ಮೂಗಿನ ತುದಿಗೆ ಸಿಕ್ಕಿಸಿದ ಕಡ್ಡಿಯಿಲ್ಲದ ಕನ್ನಡಕ, ಮೈಮೇಲೆ ಗೌನು, ತಲೆಯೊಳಗೆ ಮಾತ್ರ ಏನೂ ಇಲ್ಲದ ಹೆಡ್‌ಮಾಸ್ಟರು! 1935ರ 'ಬಾಯ್ಸ್ ವಿಲ್ ಬಿ ಬಾಯ್ಸ್'ನಲ್ಲಿ ಖೋಟಾ ಶಿಫಾರಸು ಪತ್ರದಿಂದ ಆ ಕುರ್ಚಿ ಹಿಡಿಯುತ್ತಾನೆ. 1937ರ 'ಗುಡ್ ಮಾರ್ನಿಂಗ್, ಬಾಯ್ಸ್'ನಲ್ಲಿ ಪಾಠಕ್ಕಿಂತ ಕುದುರೆ ಜೂಜೇ ಅವನಿಗೆ ಪ್ರಿಯ.

ಹುಡುಗ ಪ್ರಶ್ನೆ ಕೇಳುತ್ತಾನೆ. ಮೇಷ್ಟ್ರು ಮೂಗು ಸೊರ್ ಎನ್ನಿಸಿ, ಕನ್ನಡಕದ ಮೇಲಿಂದ ನೋಡಿ, ಹೊತ್ತು ಕಳೆಯುತ್ತಾನೆ. ಆಮೇಲೆ ಏನೋ ಒಂದು ಹೇಳಿ ಅದರಲ್ಲೇ ಸಿಕ್ಕಿಕೊಳ್ಳುತ್ತಾನೆ. ನಗು ಬರುವುದು ಅವನ ಅಜ್ಞಾನಕ್ಕಲ್ಲ. ಅದನ್ನು ಮುಚ್ಚಿಡಲು ಪಡುವ ಪಾಡಿಗೆ. ಆ ಪಾಡಿನ ಹಿಂದೆ ಭಯವಿದೆ. ಬ್ರಿಟನ್ನಿನಲ್ಲಿ ನಿರುದ್ಯೋಗ ತೀವ್ರವಾಗಿದ್ದ ದಶಕ ಅದು. ಬಂಡವಾಳ ಬಯಲಾದರೆ ಕುರ್ಚಿ ಹೋಯಿತು! ಹೀಗಾಗಿ ಅವನ ಮೇಲೆ ಸಿಟ್ಟು ಬರುವುದಿಲ್ಲ, ಅಯ್ಯೋ ಪಾಪ ಎನ್ನಿಸುತ್ತದೆ.

ಅವನ ಅತ್ಯುತ್ತಮ ಚಿತ್ರ 1937ರ 'ಓ, ಮಿಸ್ಟರ್ ಪೋರ್ಟರ್!' ಎಂಬುದು ಹಲವರ ಅಭಿಪ್ರಾಯ, ನನ್ನದೂ ಅದೇ. ಅಲ್ಲಿ ಶಾಲೆಯೇ ಇಲ್ಲ. ನೆಂಟಸ್ತಿಕೆಯ ಬಲದಿಂದ ಐರ್ಲೆಂಡಿನ ಒಂದು ಹಾಳು ಸ್ಟೇಷನ್ನಿಗೆ ಮಾಸ್ಟರಾಗಿ ಬರುತ್ತಾನೆ. ಹಲ್ಲುದುರಿದ ಮುದುಕನಾಗಿ ಮೂರ್ ಮ್ಯಾರಿಯಟ್, ದಪ್ಪ ಹುಡುಗನಾಗಿ ಗ್ರಹಾಂ ಮೊಫಾಟ್ ಅವನ ಕೈಕೆಳಗಿನವರು. ಇಬ್ಬರೂ ಅವನ ಅಧಿಕಾರಕ್ಕೆ ಮೂರು ಕಾಸಿನ ಬೆಲೆ ಕೊಡುವುದಿಲ್ಲ. ಪದವಿಗೂ ಯೋಗ್ಯತೆಗೂ ಸಂಬಂಧವಿಲ್ಲದಿರುವುದು ಶಾಲೆಗಷ್ಟೇ ಸೇರಿದ ರೋಗವಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

1944ರಲ್ಲಿ ಬಿಬಿಸಿ ರೇಡಿಯೋ ಅವನ ಹೆಸರಿನಲ್ಲೇ ಕಾರ್ಯಕ್ರಮ ಪ್ರಸಾರ ಮಾಡಿತು. ಅಲ್ಲಿ ಕನ್ನಡಕವೂ ಕಾಣದು, ಗೌನೂ ಕಾಣದು. ಆದರೂ ಮೇಷ್ಟ್ರ ಪಾತ್ರ ನಿಂತಿತು. ಪಾತ್ರದ ಜೀವ ವೇಷದಲ್ಲಿರಲಿಲ್ಲ, ಮಾತಿನ ತಡವರಿಕೆಯಲ್ಲಿತ್ತು.

ಒಂದು ತಕರಾರು ಮಾತ್ರ ನನ್ನದಿದೆ. ಈ ಪಾತ್ರಕ್ಕೆ ಮೂಲ, ಶಿಕ್ಷಕಿಯಾಗಿದ್ದ ಅವನ ಸಹೋದರಿ ಹೇಳುತ್ತಿದ್ದ ತರಗತಿಯ ಕತೆಗಳಂತೆ. ಆದರೆ ಅವನ ಚಿತ್ರಗಳಲ್ಲಿ ಗಟ್ಟಿ ಹೆಣ್ಣು ಪಾತ್ರ ಸಿಗುವುದು ಅಪರೂಪ. ಕತೆ ಕೊಟ್ಟವಳಿಗೆ ತರಗತಿಯಲ್ಲೇ ಜಾಗವಿಲ್ಲ! ಅಡುಗೆ ಮಾಡಿದವಳಿಗೆ ಎಲೆ ಹಾಕದ ಹಾಗಾಯಿತು.

ತೆರೆಯ ಹೊರಗಿನ ಮನುಷ್ಯ ಇದಕ್ಕೆ ತದ್ವಿರುದ್ಧ. ಹೇ ನಿಜವಾದ ಖಗೋಳ ವೀಕ್ಷಕ. 1933ರ ಆಗಸ್ಟ್ 3ರ ರಾತ್ರಿ ಲಂಡನ್ನಿನ ನಾರ್ಬರಿಯ ತನ್ನ ಮನೆಯಲ್ಲಿ ಆರು ಇಂಚಿನ ದೂರದರ್ಶಕದಿಂದ ಶನಿಗ್ರಹದ ಮೇಲೊಂದು ದೊಡ್ಡ ಬಿಳಿ ಮಚ್ಚೆ ಕಂಡ. ಕಂಡದ್ದನ್ನು ತನ್ನಲ್ಲೇ ಇಟ್ಟುಕೊಳ್ಳದೆ ಬಲ್ಲವರಿಗೆ ತಿಳಿಸಿದ. ಅವರೂ ನೋಡಿ ಹೌದೆಂದರು. 1935ರಲ್ಲಿ ಸಾಮಾನ್ಯ ಓದುಗರಿಗಾಗಿ ಖಗೋಳದ ಪುಸ್ತಕವನ್ನೂ ಬರೆದ. 1949ರಲ್ಲಿ ತೀರಿಕೊಂಡ.

ನಿಜವಾಗಿ ಬಲ್ಲವನು "ನೀವೂ ನೋಡಿ ಹೇಳಿ" ಎನ್ನುತ್ತಾನೆ. ಬಲ್ಲೆನೆಂದು ನಟಿಸುವವನು "ಕೂತ್ಕೋ, ಅಧಿಕಪ್ರಸಂಗ ಬೇಡ" ಎನ್ನುತ್ತಾನೆ. ಈ ಎರಡನೆಯ ಮಾತನ್ನು ಶಾಲೆಯಲ್ಲೋ ಮನೆಯಲ್ಲೋ ಕೇಳದ ಹೆಣ್ಣುಮಗಳು ನಮ್ಮಲ್ಲಿ ಯಾರಿದ್ದಾರೆ? ಎದ್ದು ನಿಂತು ಕೇಳುವ ಮಕ್ಕಳಿಗೆ ಹೆದರುವ ಎಲ್ಲರೂ ಒಮ್ಮೆ ವಿಲ್ ಹೇಯನ್ನು ನೋಡಬೇಕು. ನಕ್ಕು ಸುಸ್ತಾದ ಮೇಲೆ ಗೊತ್ತಿಲ್ಲ ಎಂದು ಹೇಳುವುದು ಅಷ್ಟೇನೂ ಕಷ್ಟವೆನ್ನಿಸದು.