ಎಫ್‌ಐಆರ್‌ಗೆ ಸಿಗದ ಅಪರಾಧ

ಭಾರತದಲ್ಲಿ ಅಪರಾಧದ ಅಧಿಕೃತ ಲೆಕ್ಕ ಹುಟ್ಟುವುದು ಪೊಲೀಸ್ ಠಾಣೆಯ ಎಫ್‌ಐಆರ್‌ನಿಂದ. ಅದು ಜಿಲ್ಲೆ, ರಾಜ್ಯಗಳ ಅಪರಾಧ ದಾಖಲೆ ಘಟಕಗಳನ್ನು ಹಾದು, 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ತಲುಪುತ್ತದೆ. ಬ್ಯೂರೋ ಪ್ರಕಟಿಸುವ ‘ಕ್ರೈಂ ಇನ್ ಇಂಡಿಯಾ’ ವರದಿಯ ಸರಣಿ ಬ್ಯೂರೋಗಿಂತಲೂ ಹಳೆಯದು. 1953ರ ಅಂಕಿಗಳಿಂದ ಅದು ಆರಂಭವಾಗುತ್ತದೆ. ಇಷ್ಟು ಉದ್ದದ ದಾಖಲೆ ದೇಶದ ದೊಡ್ಡ ಆಸ್ತಿ. ಕೊಲೆಯಂಥ ಸುಲಭವಾಗಿ ಮುಚ್ಚಿಡಲಾಗದ ಅಪರಾಧದ ಮಟ್ಟಿಗೆ ಅದನ್ನು ಬಹುಪಾಲು ನಂಬಬಹುದು.

ಎಣಿಕೆಯ ಕ್ರಮದಲ್ಲೇ ಒಂದು ಕೊರತೆಯಿದೆ. ಒಂದು ಎಫ್‌ಐಆರ್‌ನಲ್ಲಿ ಹಲವು ಕಲಂಗಳಿದ್ದರೆ ಅತಿ ಘೋರವಾದುದನ್ನಷ್ಟೇ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಮನೆಗೆ ನುಗ್ಗಿದ ಕಳ್ಳ ಮನೆಯವರನ್ನು ಕೊಂದರೆ ಪ್ರಕರಣ ಕೊಲೆಯ ಪಟ್ಟಿಗೆ ಸೇರುತ್ತದೆ. ಕಳವಿನ ಪಟ್ಟಿಯಲ್ಲಿ ಆ ಮನೆಯೇ ಇರುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಠಾಣೆಯ ಮೆಟ್ಟಿಲಿನದು. ದೆಹಲಿಯಲ್ಲಿ 2012ರಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 706, 2013ರಲ್ಲಿ 1,636. ಒಂದೇ ವರ್ಷದಲ್ಲಿ ಊರು ಎರಡು ಪಟ್ಟು ಕ್ರೂರವಾಯಿತು ಎಂದು ಇದನ್ನು ಓದುವುದು ತಪ್ಪು. 2012ರ ಡಿಸೆಂಬರ್‌ನಲ್ಲಿ ಅಲ್ಲಿನ ಬಸ್ಸೊಂದರಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ನಂತರ ಹೆಣ್ಣುಮಕ್ಕಳು ಠಾಣೆಗೆ ಬರುವ ಧೈರ್ಯ ಮಾಡಿದರು, ದೂರು ಬರೆದುಕೊಳ್ಳುವ ಒತ್ತಡ ಪೊಲೀಸರ ಮೇಲೆ ಬಿತ್ತು, ಕಾನೂನಿನ ವ್ಯಾಖ್ಯೆಯೂ ಹಿಗ್ಗಿತು. ದಾಖಲೆ ಹೆಚ್ಚುವುದು ಎಷ್ಟೋ ಸಲ ಒಳ್ಳೆಯ ಸೂಚನೆ. ‘ಅಪರಾಧದಲ್ಲಿ ನಂಬರ್ ಒನ್’ ಎಂದು ರಾಜ್ಯಗಳನ್ನು ಸಾಲು ನಿಲ್ಲಿಸುವ ಸುದ್ದಿಗಳು ದೂರು ಬರೆದುಕೊಂಡ ಠಾಣೆಗೇ ಕೆಟ್ಟ ಹೆಸರು ತರುತ್ತವೆ.

ಕರ್ನಾಟಕದ ಉದಾಹರಣೆ ಕಣ್ಣು ತೆರೆಸುವಂಥದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಯೊಂದಕ್ಕೆ ಒಬ್ಬ ಮಹಿಳೆಯನ್ನು ಮಾತ್ರ, ಬೇರೆ ಯಾರೂ ಕೇಳಿಸಿಕೊಳ್ಳದ ಜಾಗದಲ್ಲಿ ಕೂರಿಸಿ, ಗಂಡನ ಹಿಂಸೆಯ ಬಗ್ಗೆ ಕೇಳಲಾಯಿತು. ರಾಜ್ಯದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಹೌದೆಂದರು. ಯಾವ ರಾಜ್ಯದಲ್ಲೂ ಈ ಪ್ರಮಾಣ ಇಷ್ಟಿರಲಿಲ್ಲ. ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಪೊಲೀಸ್ ಪ್ರಕರಣಗಳಲ್ಲಾದರೋ ಕರ್ನಾಟಕ ಮುಂಚೂಣಿಯಲ್ಲಿಲ್ಲ. ಹಿಂಸೆಗೊಳಗಾದವರಲ್ಲಿ ಯಾರ ಬಳಿಯಾದರೂ ನೆರವು ಕೇಳಿದವರು ದೇಶದಲ್ಲಿ ಶೇ 14 ಮಾತ್ರ; ಅವರಲ್ಲೂ ಹೆಚ್ಚಿನವರು ಹೋದದ್ದು ತವರಿಗೆ, ಠಾಣೆಗಲ್ಲ.

ಬ್ಯೂರೋದ ವರದಿ ಪೊಲೀಸರ ಕೆಲಸದ ಲೆಕ್ಕವಾಗಿ ಬೆಲೆಯುಳ್ಳದ್ದು, ಜನರ ನೋವಿನ ಲೆಕ್ಕವಾಗಿ ಸಾಲದು. ಅಮೆರಿಕ 1973ರಿಂದ, ಬ್ರಿಟನ್ 1982ರಿಂದ ಮನೆ ಮನೆಗೆ ಹೋಗಿ ಅಪರಾಧಕ್ಕೆ ತುತ್ತಾದವರನ್ನೇ ಕೇಳುತ್ತಿವೆ. ಭಾರತ ಸರ್ಕಾರವೂ ಇಂಥ ಸಮೀಕ್ಷೆಯನ್ನು ನಿಯಮಿತವಾಗಿ ನಡೆಸಿ, ಅದರ ಅಂಕಿಗಳನ್ನು ಎಫ್‌ಐಆರ್ ಅಂಕಿಗಳ ಪಕ್ಕದಲ್ಲೇ ಅಚ್ಚು ಹಾಕಬೇಕು.