ಶ್ರೀಶೈಲದ ದಾರಿ ಬಲ್ಲವರು

ಯುಗಾದಿಗೆ ಮುನ್ನ ಶಹಾಪುರ ಸೀಮೆಯಲ್ಲಿ, ಹಳೆಯ ಗುಡಿಗಳ ಶಿರವಾಳದ ಆಸುಪಾಸಿನಲ್ಲಿ, ಶ್ರೀಶೈಲದ ಪಾದಯಾತ್ರಿಗಳು ಕಂಡರೆ ನನ್ನ ಕಣ್ಣು ಹೋಗುವುದು ವರ್ಷವರ್ಷವೂ ನಡೆಯುವವರ ಗಂಟಿನ ಕಡೆಗೆ. ತೀರ ಚಿಕ್ಕದು. ಒಂದು ಪಂಚೆ, ಟವೆಲ್, ಹೊದಿಕೆ, ಕೊಬ್ಬರಿ ಎಣ್ಣೆ, ಸೂಜಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ತೇವ ಪೂರ್ತಿ ಆರಿದ ಆ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ. ಶ್ರೀಶೈಲದ ದೇವಿ ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ ಎಂಬ ನಂಬಿಕೆಯವರು ಅವಳಿಗೆ ಒಯ್ಯುವ ಸೀರೆ-ಕುಪ್ಪಸಕ್ಕೂ ಆ ಗಂಟಿನಲ್ಲೇ ಜಾಗ ಮಾಡುತ್ತಾರೆ.

ಸೂಜಿಯ ಕೆಲಸ ನೋಡಬೇಕು. ಅಂಗಾಲಲ್ಲಿ ಬೊಬ್ಬೆ ಎದ್ದರೆ, ಬೆಂಕಿಗೆ ಹಿಡಿದು ಆರಿಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸುತ್ತಾರೆ. ಮೇಲಿನ ಚರ್ಮ ಮಾತ್ರ ಕೀಳುವುದಿಲ್ಲ. ಒಳಗಿನ ಹಸಿ ಗಾಯವನ್ನು ಕಾಯುವುದು ಅದೇ. ದಾರ ಪೋಣಿಸಿ ಬಿಡುವವರೂ ಇದ್ದಾರೆ. ನಂಜೇರಬಹುದಾದ ಆ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ನಸುಕಿನಲ್ಲೇ ಹೊರಟು, ಬಿಸಿಲೇರುವಷ್ಟರಲ್ಲಿ ನೆರಳು ಹಿಡಿದು, ಇಳಿಹೊತ್ತಿಗೆ ಮತ್ತೆ ನಡಿಗೆ. ಕೃಷ್ಣೆ ದಾಟಿ ರಾಯಚೂರು ಸೀಮೆ, ಕರ್ನೂಲು, ಆತ್ಮಕೂರು. ದಾರಿಯುದ್ದಕ್ಕೂ ದಾಸೋಹದ ಮಜ್ಜಿಗೆ, ಅನ್ನ-ಸಾರು. ಮುಂದೆ ನಲ್ಲಮಲ ಕಾಡು: ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಳನು. ಅಲ್ಲಿಂದ ಕೈಲಾಸದ್ವಾರದ ಕಡಿದಾದ ಏರು. ಹೊಸಬರು ಹುಮ್ಮಸ್ಸಿನಲ್ಲಿ ದಾಪುಗಾಲು ಹಾಕಿ ನಡುವೆಯೇ ಕುಸಿಯುತ್ತಾರೆ. ಹಳಬರು ಮಾತಾಡುತ್ತಲೇ ಏರಬಹುದಾದಷ್ಟು ನಿಧಾನ. ಬಸವಳಿದವರು ಕಂಡರೆ ಪಕ್ಕಕ್ಕೆ ಕೂರಿಸಿ, ಗುಟುಕು ಗುಟುಕಾಗಿ ನೀರು ಕುಡಿಸಿ, ಅವರು ಎದ್ದ ಮೇಲೆಯೇ ತಾವೂ ಏಳುತ್ತಾರೆ.