ರತ್ನಾಕರವರ್ಣಿಯ ಕೃತಿಗಳೂ ಆತನ ಜೀವನವೃತ್ತವೂ: ಒಂದು ವಿಮರ್ಶೆ

ರತ್ನಾಕರವರ್ಣಿಯ ಹೆಸರನ್ನೆತ್ತಿದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಮೊದಲು ನೆನಪಾಗುವುದು ಆತನ ಕಾವ್ಯವಲ್ಲ, ಆತನ ಕತೆ. ಕಾರ್ಕಳದ ಭೈರರಸನ ಆಸ್ಥಾನದಲ್ಲಿ ಶೃಂಗಾರಕವಿಯೆನಿಸಿಕೊಂಡು, ದೊರೆಯ ಮಗಳಲ್ಲಿ ಅನುರಕ್ತನಾಗಿ, ದಶವಾಯುಗಳನ್ನು ಸಾಧಿಸಿದ ಬಲದಿಂದ ಅರಮನೆಯ ಉಪ್ಪರಿಗೆಯನ್ನೇರಿ ಆಕೆಯನ್ನು ಕಾಣುತ್ತಿದ್ದನಂತೆ. ಗುಟ್ಟು ಬಯಲಾದಾಗ ಮಹೇಂದ್ರಕೀರ್ತಿಗಳಲ್ಲಿಗೆ ಹೋಗಿ ವ್ರತವನ್ನು ಹಿಡಿದನಂತೆ. ಮುಂದೆ ಭರತೇಶವೈಭವವನ್ನು ಬರೆದು, ಆನೆಯ ಮೇಲೆ ಅದನ್ನು ಮೆರೆಯಿಸಬೇಕೆಂದು ಕೇಳಲು, ಪಟ್ಟಾಚಾರ್ಯ ವಿಜಯಕೀರ್ತಿಗಳು ಅದರ ಎರಡು ಮೂರು ಪದ್ಯಗಳು ಶಾಸ್ತ್ರವಿರುದ್ಧವೆಂದು ಒಪ್ಪಲಿಲ್ಲ. ಜಗಳ ಬೆಳೆದು ಏಳುನೂರು ಮನೆಗಳಲ್ಲಿ ಕವಿಗೆ ಅನ್ನ ತಪ್ಪಿತು. ಮುನಿದ ಕವಿ ಲಿಂಗವನ್ನು ಧರಿಸಿ ಬಸವಪುರಾಣ, ಸೋಮೇಶ್ವರಶತಕಗಳನ್ನು ರಚಿಸಿದ. ಕೊನೆಗೆ ಹಳೆಯ ಮತಕ್ಕೆ ಮರಳಿದ. ಇಷ್ಟು ಸೊಗಸಾದ ಕತೆ ಪಂಪನಿಗೂ ಇಲ್ಲ, ರನ್ನನಿಗೂ ಇಲ್ಲ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಇದು ‘ಕವಿಯ ಜೀವನ’ ಎಂಬ ತಲೆಬರಹದ ಕೆಳಗೆ ನಿಸ್ಸಂಶಯವಾಗಿ ಬರುತ್ತದೆ. ಒಬ್ಬ ಮನುಷ್ಯನಿಗೆ ಮತಾಂತರವನ್ನೂ ಜಾರತನವನ್ನೂ ಕಟ್ಟುವುದಕ್ಕೆ ಮೊದಲು ಆಕರವೇನೆಂದು ಕೇಳುವುದು ಇತಿಹಾಸದ ಅಧ್ಯಾಪಕನ ಕರ್ತವ್ಯವಾದುದರಿಂದ ಈ ಲೇಖನ.

ಆಕರವು ಮುಖ್ಯವಾಗಿ ಒಂದೇ: ದೇವಚಂದ್ರನ ರಾಜಾವಳಿಕಥೆ. ಅದು ಮುಗಿದುದು 1838ರಲ್ಲಿ. ರತ್ನಾಕರನು ತನ್ನ ತ್ರಿಲೋಕಶತಕಕ್ಕೆ ಕೊಟ್ಟ ಕಾಲ ಶಕ 1479, ಎಂದರೆ ಕ್ರಿ. ಶ. 1557. ನಡುವಿನ ಅಂತರ ಇನ್ನೂರ ಎಂಬತ್ತು ವರ್ಷಗಳಿಗೆ ಮಿಕ್ಕಿದೆ. ದೇಶದ ಅಂತರವೂ ಕಡಿಮೆಯದಲ್ಲ. ದೇವಚಂದ್ರನು ಚಾಮರಾಜನಗರದ ಕಡೆಯ ಕನಕಗಿರಿಯವನು, ಕವಿ ಘಟ್ಟದ ಕೆಳಗಿನ ಮೂಡಬಿದಿರೆಯವನು. ಆರ್. ನರಸಿಂಹಾಚಾರ್ಯರು ಕರ್ಣಾಟಕ ಕವಿಚರಿತೆಯಲ್ಲಿ ದೇವಚಂದ್ರನ ಹೇಳಿಕೆಯನ್ನು ಉಲ್ಲೇಖಿಸಿದ ಮೇಲೆ ಅದು ಸಾಹಿತ್ಯಚರಿತ್ರೆಗಳ ಹಾದಿಯನ್ನು ಹಿಡಿಯಿತು. ಉಲ್ಲೇಖಿಸುವುದು ಬೇರೆ, ಒಪ್ಪುವುದು ಬೇರೆ ಎಂಬ ವಿವೇಕ ಮಾತ್ರ ಆ ಹಾದಿಯಲ್ಲಿ ಎಲ್ಲಿಯೋ ಕಳೆದುಹೋಯಿತು. ದೇವಚಂದ್ರನನ್ನು ಹಗುರವಾಗಿ ಕಾಣಬೇಕೆಂದು ನಾನು ಹೇಳುತ್ತಿಲ್ಲ. ಆತನಿಲ್ಲದಿದ್ದರೆ ನಮ್ಮ ಎಷ್ಟೋ ಐತಿಹ್ಯಗಳು ಉಳಿಯುತ್ತಿರಲಿಲ್ಲ. ಆದರೆ ಐತಿಹ್ಯವು ಹುಟ್ಟುವ ಬಗೆಯನ್ನು ತಿಳಿಯದೆ ಅದನ್ನು ಬಳಸಲಾಗದು.

ಈ ಐತಿಹ್ಯ ಹುಟ್ಟಿದುದು ಹೇಗೆ? ಭರತೇಶವೈಭವದ ರಚನೆಯನ್ನೇ ನೋಡೋಣ. ಎಂಬತ್ತು ಸಂಧಿಗಳ, ಸುಮಾರು ಹತ್ತು ಸಾವಿರ ಪದ್ಯಗಳ ಈ ಸಾಂಗತ್ಯಕಾವ್ಯವು ಭೋಗವಿಜಯ, ದಿಗ್ವಿಜಯ, ಯೋಗವಿಜಯ, ಅರ್ಕಕೀರ್ತಿವಿಜಯ, ಮೋಕ್ಷವಿಜಯಗಳೆಂದು ಐದು ಭಾಗವಾಗಿದೆ. ಅರಮನೆಯ ಸುಖದಿಂದ ಹೊರಟು ಯೋಗದ ಮೂಲಕ ಮುಕ್ತಿಗೆ ಸಾಗುವುದು ಇದರ ಕ್ರಮ. ಕವಿಯ ಕತೆಯನ್ನು ಇದರ ಪಕ್ಕದಲ್ಲಿಟ್ಟರೆ ಅಲ್ಲಿಯೂ ಮೊದಲು ಅರಮನೆ ಮತ್ತು ಹೆಣ್ಣು, ಆಮೇಲೆ ಯೋಗ, ಆಮೇಲೆ ಹೋರಾಟ, ಕಡೆಗೆ ಸದ್ಗತಿ. ಭರತನು ಕಾವ್ಯದಲ್ಲಿ ಕಣ್ಣುಮುಚ್ಚಿ ಆತ್ಮಧ್ಯಾನಕ್ಕೆ ಕುಳಿತರೆ ಕವಿಗೆ ವಾಯುಸಾಧನೆ ಬರುತ್ತದೆ. ಭರತನು ರಾಣಿಯರೊಡನೆ ಸರಸವಾಡಿದರೆ ಕವಿಗೊಬ್ಬ ರಾಜಕುಮಾರಿ ಬೇಕಾಗುತ್ತಾಳೆ. ಓದುಗರು ಕಾವ್ಯದಿಂದ ಕವಿಯನ್ನು ಹೆತ್ತಿದ್ದಾರೆ. ನಾವೀಗ ಆ ಕವಿಯ ಬಾಳನ್ನು ಹಿಡಿದು ಕಾವ್ಯವನ್ನು ವಿವರಿಸಲು ಹೊರಟರೆ, ಕನ್ನಡಿಯಲ್ಲಿ ಕಂಡ ದೀಪದಿಂದ ಕೋಣೆಗೆ ಬೆಳಕು ಬಂತೆಂದಂತಾಗುತ್ತದೆ.

ಸೋಮೇಶ್ವರಶತಕದ ವಿಚಾರದಲ್ಲಿ ಹೆಚ್ಚು ನಿಲ್ಲಬೇಕಾಗಿಲ್ಲ. ಅದರ ಅಂಕಿತ ಹರಹರ ಶ್ರೀಚೆನ್ನಸೋಮೇಶ್ವರ. ಅದನ್ನು ಪುಲಿಗೆರೆಯ ಸೋಮನಾಥನಿಗೆ ಸಲ್ಲಿಸುವುದು ರೂಢಿ. ಭೀಮಕವಿಯ ಬಸವಪುರಾಣವು 1369ರದು. ರತ್ನಾಕರನದೆಂಬ ಇನ್ನೊಂದು ಬಸವಪುರಾಣವನ್ನು ಸಾಹಿತ್ಯಚರಿತ್ರೆ ಬಲ್ಲುದಿಲ್ಲ. ಕೃತಿಗಳೇ ಜಾರಿದ ಮೇಲೆ ಮತಾಂತರದ ಕತೆ ನಿಲ್ಲುವುದು ಯಾವುದರ ಮೇಲೆ?

ಇನ್ನು ಕಾವ್ಯದೊಳಗೆ ಕವಿಯ ಅನುಭವವೇ ಇಲ್ಲವೆ? ಇದೆ, ಆದರೆ ಅದು ಐತಿಹ್ಯವು ತೋರಿಸುವ ಸ್ಥಳದಲ್ಲಿಲ್ಲ. ಅದನ್ನು ಹುಡುಕಲು ಮೂಡಬಿದಿರೆಯ ಸುತ್ತಣ ನಾಡನ್ನು ನೆನೆಯಬೇಕು. ಹದಿನಾರನೆಯ ಶತಮಾನದ ನಡುವೆ ಇಲ್ಲಿ ಮೇಲರಸರು ವಿಜಯನಗರದವರು, ಸದಾಶಿವರಾಯನ ಕಾಲ. ಕೆಳಗೆ ಸಣ್ಣ ಸಣ್ಣ ಮನೆತನಗಳು: ಮೂಡಬಿದಿರೆ ಪುತ್ತಿಗೆಗಳಲ್ಲಿ ಚೌಟರು, ವೇಣೂರಿನಲ್ಲಿ ಅಜಿಲರು, ಇಂದಿನ ಬೆಳ್ತಂಗಡಿ ತಾಲೂಕಿನ ಬಂಗಾಡಿಯಿಂದ ಬಂಟ್ವಾಳದ ಬಳಿಯ ನಂದಾವರದವರೆಗೆ ಬಂಗರು, ಕಾರ್ಕಳದಲ್ಲಿ ಭೈರರಸರು. ಮೂಡಬಿದಿರೆಯ ಪೇಟೆಯಲ್ಲಿ ಶ್ರಾವಕ ವರ್ತಕರು. 1430ರಲ್ಲಿ ಕಟ್ಟಿದ ತ್ರಿಭುವನತಿಲಕ ಚೂಡಾಮಣಿ ಬಸದಿ, ಎಂದರೆ ಸಾವಿರಕಂಬದ ಬಸದಿ, ಅರಸರ ಆಶ್ರಯಕ್ಕೂ ವರ್ತಕರ ಹಣಕ್ಕೂ ಒಟ್ಟಾಗಿ ಸಾಕ್ಷಿ. ಇದು ಮಠ, ಅರಮನೆ, ಅಂಗಡಿ ಮೂರೂ ಒಂದೇ ಬೀದಿಯಲ್ಲಿ ಮುಖಾಮುಖಿಯಾಗುವ ಸಮಾಜ. ಸಂಸಾರದಲ್ಲಿದ್ದೇ ಮುಕ್ತಿಯ ಮಾತನ್ನು ಕೇಳಬಯಸುವ ಶ್ರೋತೃವರ್ಗ ಇಲ್ಲಿ ಸಿದ್ಧವಾಗಿತ್ತು. ಭೋಗವಿಜಯದಲ್ಲಿ ಚಕ್ರವರ್ತಿಯು ಮುನಿಗಳ ದಾರಿಯನ್ನು ಕಾದು ಅವರಿಗೆ ಆಹಾರವಿತ್ತು, ಆಮೇಲೆ ತಾನು ಊಟಕ್ಕೆ ಕೂಡುವ ಭಾಗವನ್ನು ಓದಿದವರಿಗೆ, ಅಲ್ಲಿ ಕಾಣುವವನು ಷಟ್ಖಂಡದ ಒಡೆಯನಿಗಿಂತ ಹೆಚ್ಚಾಗಿ ಈ ಊರಿನ ಸಿರಿವಂತ ಶ್ರಾವಕನೆಂದು ತೋರದಿರದು.

ಆದರೆ ಕಾವ್ಯದ ಅರಮನೆಯನ್ನು ಕಾರ್ಕಳದ ಅರಮನೆಯ ಪ್ರತಿಬಿಂಬವೆಂದು ತಿಳಿಯುವುದು ತಪ್ಪು. ಒಂದು ಉದಾಹರಣೆ ಸಾಕು. ಭೈರರಸರಲ್ಲಿ ಪಟ್ಟವು ಅಳಿಯಸಂತಾನದ ಕ್ರಮದಲ್ಲಿ ನಡೆಯುತ್ತಿತ್ತು. 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸನು ಹಿಂದಿನ ದೊರೆಯ ಸೋದರಳಿಯ. ಭರತೇಶವೈಭವದಲ್ಲಿಯಾದರೋ ತಂದೆಯಿಂದ ಮಗ ಅರ್ಕಕೀರ್ತಿಗೆ ರಾಜ್ಯ ಬರುತ್ತದೆ. ತಂದೆ ಮಕ್ಕಳ ಮಮತೆಯೇ ಕಾವ್ಯದ ಉತ್ತರಾರ್ಧಕ್ಕೆ ಜೀವಾಳ. ಪುರಾಣದ ಕಟ್ಟನ್ನು ಕವಿ ಇಲ್ಲಿ ಬಿಟ್ಟಿಲ್ಲ. ಎಲ್ಲಿ ಬಿಟ್ಟಿದ್ದಾನೆಂಬುದೇ ನಮಗೆ ಬೇಕಾದ ಪ್ರಶ್ನೆ.

ಬಿಟ್ಟುದು ಬಾಹುಬಲಿಯ ಪ್ರಸಂಗದಲ್ಲಿ. ಜಿನಸೇನನ ಪೂರ್ವಪುರಾಣದಲ್ಲಿಯೂ, 941ರ ಪಂಪನ ಆದಿಪುರಾಣದಲ್ಲಿಯೂ ಅಣ್ಣತಮ್ಮಂದಿರು ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳನ್ನು ಮಾಡುತ್ತಾರೆ; ಸೋತ ಭರತನು ಕೋಪದಿಂದ ಚಕ್ರವನ್ನು ಪ್ರಯೋಗಿಸುತ್ತಾನೆ; ಗೆದ್ದ ಬಾಹುಬಲಿ ಗೆಲವನ್ನು ತೊರೆದು ತಪಸ್ಸಿಗೆ ನಡೆಯುತ್ತಾನೆ. ಅಲ್ಲಿ ದೊಡ್ಡವನು ತಮ್ಮ. ರತ್ನಾಕರನು ಈ ಯುದ್ಧಗಳನ್ನೇ ನಡೆಯಗೊಡುವುದಿಲ್ಲ. ಭರತನು ಮಾತಿನಿಂದ, ವಾತ್ಸಲ್ಯದಿಂದ ತಮ್ಮನ ಮನಸ್ಸನ್ನು ಕರಗಿಸುತ್ತಾನೆ. ಇಲ್ಲಿ ದೊಡ್ಡವನು ಅಣ್ಣ. ಈ ಬದಲಾವಣೆಯನ್ನು ಸಾಹಿತ್ಯವಿಮರ್ಶಕರು ಪಾತ್ರೋನ್ನತಿಯೆಂದು ಮೆಚ್ಚಿ ಮುಂದೆ ಹೋಗುತ್ತಾರೆ. ಇತಿಹಾಸದ ಕಣ್ಣಿಗೆ ಇದು ಅದಕ್ಕಿಂತ ದೊಡ್ಡ ಘಟನೆ. ಕಾರ್ಕಳದ ಬಂಡೆಯ ಮೇಲೆ ವೀರಪಾಂಡ್ಯನು ನಲವತ್ತೆರಡು ಅಡಿಯ ಗೊಮ್ಮಟನನ್ನು ನಿಲ್ಲಿಸಿದುದು 1432ರಲ್ಲಿ. ತಿಮ್ಮರಾಜ ಅಜಿಲನು ವೇಣೂರಿನ ಫಲ್ಗುಣೀ ತೀರದಲ್ಲಿ ಮೂವತ್ತೈದು ಅಡಿಯ ಗೊಮ್ಮಟನನ್ನು ನಿಲ್ಲಿಸಿದುದು 1604ರಲ್ಲಿ. (ಧರ್ಮಸ್ಥಳದ ಮೂರ್ತಿಗೆ 1982ರಲ್ಲಿ ಪ್ರತಿಷ್ಠೆಯಾದುದನ್ನು ನೆನೆದರೆ ಈ ನಾಡಿನ ಬಾಹುಬಲಿಭಕ್ತಿ ಎಷ್ಟು ದೀರ್ಘವೆಂಬುದು ತಿಳಿದೀತು.) ಈ ಎರಡು ಗೊಮ್ಮಟರ ನಡುವಣ ಕಾಲದಲ್ಲಿ, ಎರಡೂ ಊರುಗಳಿಗೆ ಸಮೀಪದ ಊರಿನಲ್ಲಿ ಕುಳಿತ ಜೈನಕವಿಯೊಬ್ಬನು, ಸೋತ ಅಣ್ಣನನ್ನು ನಾಯಕನನ್ನಾಗಿ ಮಾಡಿ ಹತ್ತು ಸಾವಿರ ಪದ್ಯಗಳನ್ನು ಬರೆದ! ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಭರತನದೆಂದು ತೋರಿಸುವ ಮೂರ್ತಿ ಮೊಣಕಾಲಿನ ಕೆಳಗೆ ಭಗ್ನವಾಗಿ ನಿಂತಿದೆ; ಅದನ್ನು ನೋಡಲು ಯಾತ್ರಿಕರ ಸಾಲು ನಿಲ್ಲುವುದಿಲ್ಲ. ಇಂಥವನನ್ನು ಕವಿ ಆರಿಸಿಕೊಂಡ.

ಗೃಹಸ್ಥನಾಗಿದ್ದು ನಿರ್ಲಿಪ್ತನಾದ ಭರತನು ದೀಕ್ಷೆಗೊಂಡ ಕ್ಷಣಮಾತ್ರದಲ್ಲಿ ಕೇವಲಜ್ಞಾನವನ್ನು ಪಡೆದನೆಂಬುದು ಪುರಾಣದಲ್ಲಿಯೇ ಉಂಟು. ಆದುದರಿಂದ ಭೋಗಯೋಗಗಳ ಸಮನ್ವಯವನ್ನು ರತ್ನಾಕರನು ಹೊಸದಾಗಿ ಕಲ್ಪಿಸಲಿಲ್ಲ. ಪುರಾಣದಲ್ಲಿ ನಾಲ್ಕು ಮಾತಿನಲ್ಲಿದ್ದುದನ್ನು ಹಿಗ್ಗಿಸಿದ. ಶಾಸ್ತ್ರಜ್ಞರು ಆಕ್ಷೇಪಿಸಿದ್ದರೆ ಅದು ಶೃಂಗಾರಕ್ಕಲ್ಲ, ಬಾಹುಬಲಿಯ ಕತೆಯನ್ನು ತಿದ್ದಿದುದಕ್ಕೇ ಆಗಿರಬೇಕೆಂದು ನನ್ನ ಅಭಿಪ್ರಾಯ. ಈ ಒಂದು ದೃಷ್ಟಿಯಿಂದ ದೇವಚಂದ್ರನ ಕತೆಯಲ್ಲಿ ಒಂದು ಕಾಳು ಉಳಿಯುತ್ತದೆ: ಮಠಕ್ಕೂ ಕವಿಗೂ ವಿರಸ ಬಂದಿತೆಂಬುದು. ರಾಜಕುಮಾರಿ, ವಾಯುಸಾಧನೆ, ಲಿಂಗಧಾರಣೆಗಳು ಹೊಟ್ಟು, ಇದು ಕಾಳು. ಕವಿಯು ಭರತೇಶವೈಭವದಲ್ಲಿ ಚಾರುಕೀರ್ತಿಗಳನ್ನು ಗುರುವೆಂದೂ, ಶತಕದಲ್ಲಿ ದೇವೇಂದ್ರಕೀರ್ತಿಗಳನ್ನು ಗುರುವೆಂದೂ ಹೇಳಿಕೊಳ್ಳುವುದು, ಇವರೆಲ್ಲರಿಗೂ ಮೇಲೆ ಹಂಸನಾಥನೆಂಬ ತನ್ನ ಆತ್ಮವನ್ನೇ ಪರಮಗುರುವಾಗಿ ಇರಿಸಿಕೊಳ್ಳುವುದು ಗಮನಾರ್ಹ. ಹೊರಗಿನ ಗುರುಪೀಠದ ಮೇಲೆ ಪೂರ್ಣ ಭಾರ ಹಾಕದವನ ಮನೋಧರ್ಮವಿದು. ಅಷ್ಟಾದಶ ವರ್ಣನೆಗಳ ಗೊಡವೆ ತನಗೆ ಬೇಡ, ಉಚಿತವಾದಷ್ಟನ್ನು ಹೇಳುವೆನು, ಅಧ್ಯಾತ್ಮವೇ ತನ್ನ ಪ್ರಯೋಜನವೆಂದು ಕಾವ್ಯದ ಆರಂಭದಲ್ಲಿ ಹೇಳುವಾಗಲೂ ಅದೇ ಸ್ವಭಾವ ಕಾಣುತ್ತದೆ.

ಆ ಆರಂಭದಲ್ಲಿಯೇ ಇನ್ನೊಂದು ಮಾತಿದೆ. ಕನ್ನಡಿಗರೂ ತೆಲುಗರೂ ತುಳುವರೂ ತಮ್ಮ ತಮ್ಮ ನುಡಿಯಲ್ಲಿ ಭಲೆ ಎಂದು ತಲೆದೂಗುವಂತೆ ಹಾಡುವೆನೆಂದು ಕವಿ ಹೇಳುತ್ತಾನೆ. ಮನೆಯ ಮಾತು ತುಳು, ಕಾವ್ಯದ ಮಾತು ಕನ್ನಡ, ಸಾಮ್ರಾಜ್ಯದಲ್ಲಿ ತೆಲುಗಿನ ಮನ್ನಣೆ ಎಂಬ ವಿಜಯನಗರ ಕಾಲದ ಕರಾವಳಿಯ ಭಾಷಾಸ್ಥಿತಿಯನ್ನು ಶಾಸನಗಳೂ ಇಷ್ಟು ಚುಟುಕಾಗಿ ಹೇಳಿಲ್ಲ. ಕವಿಯ ಜೀವನಾನುಭವವೆಂದು ನಾವು ಧೈರ್ಯವಾಗಿ ಬೆರಳಿಟ್ಟು ತೋರಿಸಬಹುದಾದುದು ಇಂಥ ಕಡೆ.

ಶತಕಗಳ ಮಾತು ಬೇರೆ. ರತ್ನಾಕರಾಧೀಶ್ವರಶತಕ, ಅಪರಾಜಿತೇಶ್ವರಶತಕಗಳು ವೃತ್ತಗಳಲ್ಲಿವೆ. ತ್ರಿಲೋಕಶತಕವು ಕಂದಗಳಲ್ಲಿ ಜೈನರ ಲೋಕಾಕಾರವನ್ನು ಸಂಗ್ರಹಿಸುತ್ತದೆ. ಕೊನೆಯದು ಪಾಠಪುಸ್ತಕ, ಕಾಲನಿರ್ಣಯಕ್ಕೆ ಅಮೂಲ್ಯ, ಕಾವ್ಯಗುಣಕ್ಕೆ ಅಲ್ಲ. ಮೊದಲೆರಡರಲ್ಲಿ ವೈರಾಗ್ಯ ಖಾರವಾಗಿದೆ. ಭೋಗವನ್ನು ಹಾಡಿದ ಕವಿಯೇ ಇಲ್ಲಿ ಸಂಸಾರವನ್ನು ಹಳಿಯುವುದನ್ನು ಕಂಡು, ಇದು ಪಶ್ಚಾತ್ತಾಪ, ಆದುದರಿಂದ ಶತಕಗಳು ಮುಪ್ಪಿನವು ಎಂದು ಹೇಳುವವರುಂಟು. ಈ ತರ್ಕ ಸಾಲದು. ಶತಕವೆಂಬ ಪ್ರಕಾರದ ಧರ್ಮವೇ ಹಳಿಯುವುದು. ಭರ್ತೃಹರಿಯ ಹೆಸರಿನ ಶೃಂಗಾರ, ವೈರಾಗ್ಯ ಶತಕಗಳೆರಡೂ ಒಂದೇ ಕೈಯವೆಂದು ಪರಂಪರೆ ನಂಬಿಲ್ಲವೆ? ಪ್ರಕಾರಭೇದವನ್ನು ವಯೋಭೇದವೆಂದು ಓದಕೂಡದು. ಕಾಲವನ್ನು ತಾನೇ ಹೇಳಿದ ಕೃತಿ ತ್ರಿಲೋಕಶತಕವೊಂದೇ. ಮಿಕ್ಕವುಗಳನ್ನು ಅದರ ಹಿಂದೆ ಮುಂದೆ ಜೋಡಿಸಿ ಬಾಳಿನ ಮೆಟ್ಟಿಲುಗಳನ್ನು ಕಟ್ಟುವುದು ಊಹೆಯ ಕೆಲಸ.

ಅಣ್ಣಗಳ ಪದಗಳೆಂದು ಪ್ರಸಿದ್ಧವಾದ ಅಧ್ಯಾತ್ಮಗೀತಗಳಿಗೆ ನಮ್ಮ ವಿದ್ವಾಂಸರು ಕೊಟ್ಟ ಗಮನ ಬಹಳ ಸ್ವಲ್ಪ. ಪುರಂದರದಾಸರು ತೀರಿಕೊಂಡುದು 1564ರಲ್ಲಿ. ವಾದಿರಾಜರು ಇದೇ ತುಳುನಾಡಿನವರು, ಇದೇ ಶತಮಾನದವರು. ಹಾಡಿನ ಮೂಲಕ ತತ್ತ್ವವನ್ನು ಮನೆಮನೆಗೆ ಮುಟ್ಟಿಸುವ ಆ ಕಾಲದ ದೊಡ್ಡ ಅಲೆಯಲ್ಲಿ ಜೈನಕವಿಯೊಬ್ಬನು ಹೇಗೆ ಪಾಲುಗೊಂಡನೆಂಬುದಕ್ಕೆ ಈ ಪದಗಳೇ ಆಧಾರ. ಸಾಂಗತ್ಯವನ್ನು ಆರಿಸಿದ ಕೈಯೇ ಪದಗಳನ್ನೂ ಆರಿಸಿತು. ಓದಿಸುವುದಕ್ಕಿಂತ ಹಾಡಿಸುವುದು ಆತನ ಉದ್ದೇಶ.

ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಕವಿಯ ಮೇಲೆ ಕೆಲಸ ಮಾಡುವುದಾದರೆ ರಾಜಾವಳಿಕಥೆಯಿಂದ ಆರಂಭಿಸದೆ, ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ತಾಡಪತ್ರ ಗ್ರಂಥಗಳ ಸೂಚಿಯಿಂದ ಆರಂಭಿಸಲಿ. ಮೂಡಬಿದಿರೆ, ಕಾರ್ಕಳಗಳ ಭಂಡಾರಗಳಲ್ಲಿ ಯಾವ ಕೃತಿಯ ಪ್ರತಿ ಎಷ್ಟಿದೆ, ಯಾರು ಯಾರಿಗಾಗಿ ಬರೆಯಿಸಿದರು, ಬಾಹುಬಲಿಯ ಸಂಧಿಗಳಲ್ಲಿ ಪ್ರತಿಯಿಂದ ಪ್ರತಿಗೆ ಪಾಠ ಬದಲಾಗಿದೆಯೆ ಎಂಬುದನ್ನು ಗರಿ ಗರಿಯಾಗಿ ನೋಡಬೇಕು. ಆಕ್ಷೇಪಕ್ಕೆ ಗುರಿಯಾದವೆನ್ನುವ ಆ ಎರಡು ಮೂರು ಪದ್ಯಗಳನ್ನು ಯಾರಾದರೂ ಲಿಪಿಕಾರನು ಬಿಟ್ಟಿದ್ದರೆ, ಅಥವಾ ತಿದ್ದಿದ್ದರೆ, ಅದರ ಗುರುತು ಸಿಕ್ಕಬೇಕಾದುದು ಅಲ್ಲಿಯೇ.